ಗುಂಡಿಯ ಮನೆ: ಕೈಕಾಜಾದ ಚರಿತ್ರೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಫೋನ್ ಮಾಡಿದ್ದರು. "ಕಂಪ್ಯೂಟರ್ ಬಗ್ಗೆ ಏನಾದರೂ ಬರಿ, ಮಕ್ಕಳಿಗೆ ಉಪಯೋಗವಾಗುತ್ತೆ" ಎಂದೂ ಹೇಳಿದರು. ಹೂಂ ಅಂದೆ. ಬರೆಯಲು ಕೂತಾಗ ಮಾತ್ರ ಮನಸ್ಸು ಕಂಪ್ಯೂಟರಿನ ಕಡೆ ಹೋಗಲಿಲ್ಲ. ಈ ಶಾಲೆಯಲ್ಲಿ ನನಗೆ ಕೇಳಿದ್ದ ಒಂದು ಪ್ರಶ್ನೆಗೆ ನಾನು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ಮೊದಲು ಆ ಬಾಕಿ ತೀರಿಸುತ್ತೇನೆ.

ಆಗ ನಾನು ಒಂಬತ್ತನೇ ತರಗತಿ. ಶಾಲೆ ಶುರುವಾಗಿ ಎರಡು ವಾರವಾಗಿರಬೇಕು. ಎಲ್ಲರ ಮೈಮೇಲೂ ಹೊಸ ಸಮವಸ್ತ್ರ, ಗಂಜಿಯ ವಾಸನೆ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಚರಿತ್ರೆಯ ಪಾಠ ತೆಗೆದರು. ಮುಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಈ ರಾಜರ ಇಸವಿಗಳನ್ನೆಲ್ಲ ಯಾಕೆ ಓದಬೇಕು?" ಅಂದ. ಮೇಷ್ಟ್ರು ಬೈಯಲಿಲ್ಲ. ಅವನ ಅಂಗಿಯ ಮೇಲಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, "ಚರಿತ್ರೆ ಅಂದರೆ ರಾಜರದ್ದೇ ಅಲ್ಲ ಕಣೋ. ಈ ಗುಂಡಿಗೂ ಒಂದು ಚರಿತ್ರೆ ಇದೆ, ಈ ಕಾಜಾಕ್ಕೂ ಇದೆ. ಹೇಳಿ ನೋಡೋಣ, ಇದನ್ನ ಹಾಕಿದವರು ಯಾರು?" ಎಂದು ತರಗತಿಯನ್ನೇ ಕೇಳಿದರು. ನಾಲ್ಕೈದು ಜನ ಒಟ್ಟಿಗೆ ಬಸ್‌ಸ್ಟ್ಯಾಂಡ್ ಹತ್ತಿರದ ಟೈಲರಣ್ಣನ ಹೆಸರು ಕೂಗಿದರು. ಮೇಷ್ಟ್ರು ತಲೆಯಾಡಿಸಿ ಪಾಠ ಮುಂದುವರಿಸಿದರು.

ಆ ಉತ್ತರ ತಪ್ಪಾಗಿತ್ತು. ಹೊಲಿದದ್ದು ಟೈಲರಣ್ಣ, ನಿಜ. ಆದರೆ ಆ ತರಗತಿಯ ಅರ್ಧದಷ್ಟು ಹುಡುಗರ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹಚ್ಚಿದ್ದು ನಮ್ಮ ಅವ್ವ. ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮುಂಚೆ ಮೇಷ್ಟ್ರು 'ಇದೆ' ಎಂದಿದ್ದ ಆ ಚರಿತ್ರೆಯನ್ನು, ಇಷ್ಟು ವರ್ಷಗಳಲ್ಲಿ ಬಿಡುವಾದಾಗಲೆಲ್ಲ ಓದಿ ತಿಳಿದಷ್ಟು, ಇಲ್ಲಿ ಬರೆಯುತ್ತೇನೆ.

ಕಸೆಯ ಕಾಲ

ಗುಂಡಿ ಹಳೆಯದು, ಕಾಜಾ ಹೊಸದು. ಇದು ನನಗೂ ಮೊದಲು ಆಶ್ಚರ್ಯವೆನಿಸಿತು. ಸಿಂಧೂ ಕಣಿವೆಯ ನಾಗರಿಕತೆಯ ನೆಲೆಗಳಲ್ಲಿ ಚಿಪ್ಪಿನಿಂದ ಮಾಡಿದ, ತೂತು ಕೊರೆದ ಗುಂಡಿಗಳು ಸಿಕ್ಕಿವೆ. ಆದರೆ ಅವು ಅಲಂಕಾರಕ್ಕೆ ಹಚ್ಚಿಕೊಳ್ಳುತ್ತಿದ್ದವು. ಬಟ್ಟೆಯ ಎರಡು ಅಂಚುಗಳನ್ನು ಒಂದಾಗಿ ಹಿಡಿದಿಡಲು ಗುಂಡಿಯೊಂದೇ ಸಾಲದು, ಅದು ತೂರಿ ನಿಲ್ಲಲು ಎದುರಿನ ಬಟ್ಟೆಯಲ್ಲಿ ಒಂದು ಸೀಳು ಬೇಕು. ಆ ಸೀಳು ಬರುವುದಕ್ಕೆ ಸಾವಿರಾರು ವರ್ಷ ಹಿಡಿಯಿತು.

ಹಾಗೆಂದು ನಮ್ಮ ನಾಡಿನಲ್ಲಿ ಹೊಲಿಗೆ ಇರಲಿಲ್ಲವೆಂದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಹೆಸರಿನಲ್ಲೇ ಕಾಯಕವಿದೆ. ದರ್ಜಿಗೆ ಚಿಪ್ಪಿಗ ಎಂಬ ಹಳೆಯ ಪದವೂ ಕನ್ನಡದಲ್ಲಿದೆ. ಆದರೆ ಹಿಂದಿನ ಅಂಗಿಗಳನ್ನು ಮುಚ್ಚುತ್ತಿದ್ದದ್ದು ಕಸೆಯಿಂದ. ಅಂಚಿಗೆ ಹೊಲಿದ ಬಟ್ಟೆಯ ದಾರಗಳನ್ನು ಗಂಟು ಹಾಕಿ ಕಟ್ಟಿಕೊಳ್ಳುವುದಕ್ಕೆ ಕಸೆ ಎನ್ನುತ್ತಾರೆ. ಹಳೆಯ ನಾಟಕಗಳಲ್ಲಿ ಕಾಣುವ ಬಾರಾಬಂದಿ ಎಂಬ ಅಂಗಿಯ ಹೆಸರಿನ ಅರ್ಥವೇ ಹನ್ನೆರಡು ಕಟ್ಟುಗಳದ್ದು ಎಂದು. ಈಗಲೂ ಬಾಣಂತನದ ಮನೆಗಳಲ್ಲಿ ಕೂಸಿಗೆ ಹಾಕುವ ಅಂಗಿಗೆ ಹಿಂದೆ ಕಸೆಯೇ ಇರುತ್ತದೆ. ಎಳೆಯ ಮೈಗೆ ಗುಂಡಿ ಒತ್ತಬಾರದೆಂದು ಅಜ್ಜಿಯರು ಉಳಿಸಿಕೊಂಡ ಪದ್ಧತಿ ಅದು.

ಬಟ್ಟೆ ಸೀಳುವ ಧೈರ್ಯ

ಬಟ್ಟೆಯನ್ನು ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುತ್ತದೆ. ಅಂಚಿನಲ್ಲಾದರೆ ಮಡಚಿ ಹೊಲಿಯಬಹುದು. ಅಂಗಿಯ ನಡುವೆ ಅರ್ಧ ಇಂಚು ಸೀಳಿದರೆ ಮಡಚಲು ಜಾಗವಿಲ್ಲ. ದಿನಕ್ಕೆ ಎರಡು ಸಲ ಗುಂಡಿ ಅದರೊಳಗೆ ನುಗ್ಗಿ ಬರುತ್ತದೆ, ಪ್ರತಿ ಸಲವೂ ಎಳೆಗಳನ್ನು ಸವೆಸುತ್ತದೆ. ಹಾಗಾಗಿ ಕಾಜಾ ಎಂದರೆ ಬರೀ ತೂತಲ್ಲ. ಸೀಳಿದ ಬಟ್ಟೆ ಮುಂದಕ್ಕೆ ಹರಿಯದಂತೆ ಅದರ ಸುತ್ತ ನೂಲಿನಿಂದ ಕಟ್ಟಿದ ಕಟ್ಟೆ ಅದು.

ಗುಂಡಿಗೆ ತಕ್ಕ ಸೀಳು ಮಾಡಿ, ಅಂಚಿಗೆ ನೂಲು ಕಟ್ಟುವ ಪದ್ಧತಿ ಯುರೋಪಿನಲ್ಲಿ ಹರಡಿದ್ದು 13ನೇ ಶತಮಾನದಲ್ಲಿ. ಆ ಶತಮಾನದ ಪ್ಯಾರಿಸ್ಸಿನಲ್ಲಿ ಗುಂಡಿ ಮಾಡುವವರದ್ದೇ ಕಸುಬುದಾರರ ಸಂಘವಿತ್ತು. 14ನೇ ಶತಮಾನದ ಹೊತ್ತಿಗೆ ಉಡುಪುಗಳು ಮೈಗೆ ಅಂಟಿಕೊಳ್ಳುವಷ್ಟು ಬಿಗಿಯಾದವು. ಅಂಥ ಉಡುಪನ್ನು ತಲೆಯ ಮೇಲಿಂದ ಹಾಕಿಕೊಳ್ಳಲಾಗದು. ಮುಂದೆ ಉದ್ದಕ್ಕೆ ಸೀಳಿ, ಗುಂಡಿಗಳ ಸಾಲು ಇಡಲೇಬೇಕಾಯಿತು. ಫ್ರಾನ್ಸಿನ ಲಿಯಾನ್ ನಗರದ ಜವಳಿ ವಸ್ತು ಸಂಗ್ರಹಾಲಯದಲ್ಲಿ, 1364ರಲ್ಲಿ ಯುದ್ಧದಲ್ಲಿ ಸತ್ತ ಬ್ಲುವಾದ ಷಾರ್ಲ್ ಎಂಬ ದೊರೆಯದೆಂದು ಹೇಳುವ ಒಂದು ಮೇಲಂಗಿ ಇದೆ. ಎದೆಯ ಉದ್ದಕ್ಕೂ ತೋಳುಗಳ ಮೇಲೂ ಸಾಲುಸಾಲು ಗುಂಡಿಗಳು, ಅಷ್ಟೇ ಕಾಜಾಗಳು.

ದೊರೆಯ ಮೇಲಂಗಿಗಿಂತ ನನಗೆ ಹತ್ತಿರವೆನಿಸಿದ್ದು ಲಂಡನ್ನಿನ ಚಿಂದಿಗಳು. ಥೇಮ್ಸ್ ನದಿಯ ದಡದಲ್ಲಿ ಬೇನಾರ್ಡ್ಸ್ ಕ್ಯಾಸಲ್ ಎಂಬ ಜಾಗವನ್ನು ಅಗೆದಾಗ 14ನೇ ಶತಮಾನದ ಬಟ್ಟೆಯ ಚೂರುಗಳು ಸಿಕ್ಕವು. ಒದ್ದೆ ಮಣ್ಣಿನಲ್ಲಿ ಗಾಳಿ ಸೋಕದೆ ಉಳಿದಿದ್ದವು. ಕೆಲವದರಲ್ಲಿ ಕಾಜಾಗಳೂ ಇದ್ದವು. ರೇಷ್ಮೆ ನೂಲಿನಿಂದ ಅಂಚು ಕಟ್ಟಿ, ಒಳಬದಿಗೆ ರೇಷ್ಮೆಯ ಪಟ್ಟಿ ಕೊಟ್ಟು ಗಟ್ಟಿ ಮಾಡಿದ ಕಾಜಾಗಳು. ಆ ಚೂರುಗಳ ಚಿತ್ರವನ್ನು ಅವ್ವನಿಗೆ ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, "ಇದೂ ನಾವು ಹಾಕೋ ಹಂಗೇ ಐತಲ್ಲೋ" ಅಂದಳು. ಆರುನೂರು ವರ್ಷಗಳ ಹಿಂದೆ ಹಾಕಿದ್ದು ಎಂದೆ. "ಕೈ ಅಂದ್ರೆ ಕೈಯೇ ಅಲ್ವಾ, ಅವರದ್ದಾದ್ರೇನು ನಮ್ಮದಾದ್ರೇನು" ಅಂದು ಮೊಬೈಲು ವಾಪಸ್ ಕೊಟ್ಟಳು.

ಗೋವೆಯಿಂದ ಬಂದ ಹೆಸರು

ಕಾಜಾ ಎಂಬ ಪದ ಕನ್ನಡದ್ದಲ್ಲ, ಸಂಸ್ಕೃತದ್ದೂ ಅಲ್ಲ. ಪೋರ್ಚುಗೀಸ್ ಭಾಷೆಯಲ್ಲಿ ಮನೆಗೆ 'ಕಾಸಾ' ಎನ್ನುತ್ತಾರೆ. ಗುಂಡಿ ತೂರುವ ಸೀಳಿಗೂ ಅವರು ಅದೇ ಪದ ಬಳಸುತ್ತಾರೆ. ಗುಂಡಿ ವಾಸ ಮಾಡುವ ಮನೆ ಎಂಬ ಅರ್ಥದಲ್ಲಿ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ, ಅವರ ಉಡುಪಿನ ಜೊತೆ ಈ ಪದವೂ ದರ್ಜಿಗಳ ಬಾಯಿಗೆ ಬಂತು. ಕೊಂಕಣಿ, ಮರಾಠಿ, ಗುಜರಾತಿ, ಹಿಂದಿಗಳಲ್ಲಿ ಅದರ ರೂಪಗಳಿವೆ. ನಮ್ಮಲ್ಲಿ ಕಾಜಾ ಆಯಿತು.

ಪಾದ್ರಿ, ಚಾವಿ, ಅಲಮಾರು, ಬಟಾಟೆ ಇವೆಲ್ಲ ಅದೇ ದಾರಿಯಲ್ಲಿ ಬಂದ ಪದಗಳು. ಉತ್ತರ ಕರ್ನಾಟಕದವರು ಸಂಬಳಕ್ಕೆ ಹೇಳುವ 'ಪಗಾರ' ಕೂಡ ಪೋರ್ಚುಗೀಸಿನದೇ, ಆ ಭಾಷೆಯಲ್ಲಿ 'ಪಗಾರ್' ಎಂದರೆ ಹಣ ಕೊಡುವುದು. ಕಾಜಾ, ಪಗಾರ ಎರಡೂ ಒಂದೇ ಕಡೆಯಿಂದ ಬಂದವು. ಆದರೆ ಕಾಜಾ ಹಾಕುವವರಿಗೆ ಪಗಾರ ಎಂಬುದು ಸಿಕ್ಕಿದ್ದು ಬಹಳ ಕಡಿಮೆ. ಅವರಿಗೆ ಸಿಗುತ್ತಿದ್ದದ್ದು ತುಂಡಿನ ಲೆಕ್ಕ. ಇಷ್ಟು ಅಂಗಿಗೆ ಇಷ್ಟು ಕಾಸು, ಅಷ್ಟೇ.

ಕೈ ಮಾಡುವ ಕೆಲಸ

ಈ ಲೇಖನಕ್ಕಾಗಿ ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಪಕ್ಕ ಕೂತು ಒಂದು ಕಾಜಾ ಹಾಕುವುದನ್ನು ಮೊದಲಿಂದ ಕಡೆತನಕ ನೋಡಿ ಬರೆದುಕೊಂಡೆ. "ಏನಪ್ಪಾ, ಇದರಲ್ಲಿ ಬರೆಯಕ್ಕೆ ಏನೈತೆ" ಎಂದು ನಕ್ಕಳು. ಆದರೂ ನಿಧಾನವಾಗಿ ತೋರಿಸಿದಳು.

ಮೊದಲು ಅಳತೆ. ಗುಂಡಿಯ ಅಗಲಕ್ಕೆ ಅದರ ದಪ್ಪವನ್ನು ಸೇರಿಸಿದರೆ ಕಾಜಾದ ಉದ್ದ. ಗುಂಡಿಯ ಅಳತೆಗೆ ಲಿನ್ಯ ಎಂಬ ಹಳೆಯ ಫ್ರೆಂಚ್ ಮಾನ ಇಂದಿಗೂ ಬಳಕೆಯಲ್ಲಿದೆ, 40 ಲಿನ್ಯ ಸೇರಿದರೆ ಒಂದು ಇಂಚು. ಅಂಗಿಗೆ ಸಾಮಾನ್ಯವಾಗಿ ಹಾಕುವುದು 18ರ ಗುಂಡಿ, ಅಂದರೆ ಸುಮಾರು 11.4 ಮಿಲಿಮೀಟರ್. ಕಾಜಾ 13 ಮಿಲಿಮೀಟರ್ ಇರಬೇಕು. ಅವ್ವನಿಗೆ ಈ ಲೆಕ್ಕ ಯಾವುದೂ ಗೊತ್ತಿಲ್ಲ. ಗುಂಡಿಯನ್ನು ಬಟ್ಟೆಯ ಮೇಲಿಟ್ಟು, ಉಗುರಲ್ಲಿ ಎರಡು ಕಡೆ ಗೀರಿ, ಒಂದು ಎಳೆ ಹೆಚ್ಚಿಗೆ ಬಿಟ್ಟಳು. ಆಮೇಲೆ ನಾನು ಸ್ಕೇಲ್ ಇಟ್ಟು ನೋಡಿದೆ. 13 ಮಿಲಿಮೀಟರೇ ಇತ್ತು.

ಗುರುತಿನ ಸುತ್ತ ಸಣ್ಣದಾಗಿ ಓಟದ ಹೊಲಿಗೆ ಹಾಕಿದಳು. ಪಟ್ಟಿಯ ಪದರಗಳು ಒಂದರ ಮೇಲೊಂದು ಜಾರಬಾರದಲ್ಲ. ಬಟ್ಟೆಯನ್ನು ಗುರುತಿನ ಮೇಲೆ ಅಡ್ಡ ಮಡಚಿ, ಕತ್ತರಿಯ ತುದಿಯಿಂದ ಸಣ್ಣಗೆ ಸೀಳಿ, ಬಿಡಿಸಿ, ಎರಡೂ ತುದಿಯವರೆಗೆ ಎಳೆ ನೋಡಿಕೊಂಡು ಕತ್ತರಿಸಿದಳು. ನೂಲನ್ನು ಮೇಣದ ತುಂಡಿನ ಮೇಲೆ ಎರಡು ಸಲ ಎಳೆದಳು. ಮೇಣ ಹತ್ತಿದ ನೂಲು ಸಿಕ್ಕುಬೀಳುವುದಿಲ್ಲ.

ಆಮೇಲೆ ಮುಖ್ಯವಾದ ಕೆಲಸ. ಸೀಳಿನ ಅಂಚಿನಿಂದ ಎರಡು ಮಿಲಿಮೀಟರ್ ಒಳಗೆ, ಕೆಳಗಿನಿಂದ ಮೇಲಕ್ಕೆ ಸೂಜಿ ಚುಚ್ಚುವುದು. ಸೂಜಿ ಅರ್ಧ ಹೊರಬಂದಾಗ, ಕಣ್ಣಿನ ಕಡೆಯಿಂದ ಬರುವ ನೂಲನ್ನು ಸೂಜಿಯ ಮೊನೆಯ ಕೆಳಗೆ ಸುತ್ತುವುದು. ಸೂಜಿ ಎಳೆದಾಗ ಸರಿಯಾಗಿ ಸೀಳಿನ ಅಂಚಿನ ಮೇಲೆ ಒಂದು ಪುಟ್ಟ ಗಂಟು ಕೂರುತ್ತದೆ. ಪಕ್ಕದಲ್ಲಿ ಇನ್ನೊಂದು. ಗಂಟುಗಳು ಒಂದಕ್ಕೊಂದು ತಾಗಿಕೊಂಡಿರಬೇಕು, ಒಂದರ ಮೇಲೊಂದು ಏರಬಾರದು. ಎಳೆತ ಬಿಗಿಯಾದರೆ ಬಟ್ಟೆ ಸುಕ್ಕಾಗುತ್ತದೆ, ಸಡಿಲವಾದರೆ ಎಳೆ ಇಣುಕುತ್ತದೆ. ತುದಿಗೆ ಬಂದಾಗ ಅಡ್ಡಲಾಗಿ ಎರಡು ಮೂರು ನೂಲು ಹಾಕಿ, ಅವುಗಳ ಮೇಲೆ ಸುತ್ತಿ ಕಟ್ಟು ಹಾಕುತ್ತಾರೆ. ಸೀಳು ಮುಂದಕ್ಕೆ ಹರಿಯದಂತೆ ತಡೆಯುವುದು ಆ ಕಟ್ಟು. ಕಾಲರಿನ ಪಟ್ಟಿಯ ಕಾಜಾ ಮಾತ್ರ ಅಡ್ಡಡ್ಡ. ಕತ್ತಿನ ಸುತ್ತ ಎಳೆತ ಅಡ್ಡಕ್ಕೆ ಬರುವುದರಿಂದ, ಉದ್ದದ ಕಾಜಾ ಹಾಕಿದರೆ ಗುಂಡಿ ಜಾರಿ ಬಿಚ್ಚಿಕೊಳ್ಳುತ್ತದೆ. ಅಡ್ಡ ಕಾಜಾದಲ್ಲಿ ಗುಂಡಿ ಹೋಗಿ ಕೂರುವ ತುದಿಗೆ ಕಟ್ಟು ಹಾಕುವುದಿಲ್ಲ, ಅಲ್ಲಿ ಹೊಲಿಗೆಯನ್ನು ಬೀಸಣಿಗೆಯ ಹಾಗೆ ಬಿಡಿಸಿ ತಿರುಗಿಸುತ್ತಾರೆ.

ಅವ್ವನ ಕಾಜಾದಲ್ಲಿ ಗಂಟುಗಳನ್ನು ಎಣಿಸಿದೆ. 42 ಇದ್ದವು. ಐದು ನಿಮಿಷ ಹಿಡಿದಿತ್ತು. ನಾನೂ ಒಂದು ಹಾಕಲು ಕೂತೆ. ಅರ್ಧ ಗಂಟೆ ಹಿಡಿಯಿತು, ಬೆರಳಿಗೆ ಮೂರು ಸಲ ಚುಚ್ಚಿತು. ನನ್ನ ಕಾಜಾ ಬಾಯಿ ತೆರೆದ ಮೀನಿನ ಹಾಗಿತ್ತು. ಅವ್ವ ಬಿಚ್ಚಿ ಹಾಕಲಿಲ್ಲ, "ಇರ್ಲಿ ಬಿಡು, ನೆನಪಿಗೆ" ಅಂದಳು.

ಈ ಹೊಲಿಗೆಯ ಗುಟ್ಟು ಗಂಟಿನಲ್ಲಿದೆ. ಪ್ರತಿ ಹೊಲಿಗೆಯೂ ತನ್ನಷ್ಟಕ್ಕೆ ಗಂಟಾಗಿರುವುದರಿಂದ, ನೂಲು ಒಂದು ಕಡೆ ಕಿತ್ತರೂ ಅಕ್ಕಪಕ್ಕದವು ಥಟ್ಟನೆ ಬಿಚ್ಚಿಕೊಳ್ಳುವುದಿಲ್ಲ. ಒಂದೇ ನೂಲಿನ ಸರಪಳಿ ಹೊಲಿಗೆಯ ಮಿಷನ್ ಕಾಜಾ ಹಾಗಲ್ಲ, ತುದಿ ಸಿಕ್ಕಿ ಎಳೆದರೆ ಸರ್ರನೆ ಬಿಚ್ಚಿ ಬರುತ್ತದೆ. ಒಂದು ಭಾಗ ಕೆಟ್ಟರೆ ಇಡೀ ವ್ಯವಸ್ಥೆ ಕೆಡಬಾರದು ಎಂಬ ಪಾಠವನ್ನು ನಾವು ಸಾಫ್ಟ್‌ವೇರಿನವರು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಓದುತ್ತೇವೆ. ನಾನು ಅದನ್ನು ಮನೆಯ ಪಡಸಾಲೆಯಲ್ಲೇ ಕಲಿಯಬಹುದಿತ್ತು.

ಯಂತ್ರಕ್ಕೆ ಯಾಕೆ ತಡವಾಯಿತು

ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಸೂಜಿಯ ಮೊನೆಯ ಹತ್ತಿರವೇ ಕಣ್ಣು, ಕೆಳಗೆ ಎರಡನೆಯ ನೂಲು ತರುವ ಲಾಳಿ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಆ ಹೆಸರು ನಮ್ಮ ಹಳ್ಳಿಹಳ್ಳಿಯ ಜಗುಲಿಗೂ ಬಂತು. ಆದರೆ ಈ ಯಂತ್ರಗಳಿಗೆ ಬರುತ್ತಿದ್ದದ್ದು ನೇರ ಹೊಲಿಗೆ. ಬಟ್ಟೆ ಒಂದೇ ದಿಕ್ಕಿಗೆ ಸರಿಯುತ್ತದೆ, ಸೂಜಿ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ. ಕಾಜಾಕ್ಕೆ ಅದು ಸಾಲದು. ಸೂಜಿ ಎಡಕ್ಕೂ ಬಲಕ್ಕೂ ಓಲಾಡಬೇಕು, ಒಂದು ಬದಿ ಮುಗಿಸಿ ತುದಿಯಲ್ಲಿ ಕಟ್ಟು ಹಾಕಿ, ತಿರುಗಿ ಇನ್ನೊಂದು ಬದಿಗೆ ಬರಬೇಕು, ಜೊತೆಗೆ ಬಟ್ಟೆಯನ್ನು ಸೀಳಲೂ ಬೇಕು.

1854ರಲ್ಲಿ ಚಾರ್ಲ್ಸ್ ಮಿಲ್ಲರ್ ಎಂಬಾತ ಅಮೆರಿಕದಲ್ಲಿ ಕಾಜಾ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. 1873ರಲ್ಲಿ ಹೆಲೆನ್ ಬ್ಲಾನ್‌ಚರ್ಡ್ ಎಂಬ ಮಹಿಳೆ ಅಂಕುಡೊಂಕು ಹೊಲಿಗೆಯ ಯಂತ್ರಕ್ಕೆ ಪೇಟೆಂಟ್ ಪಡೆದರು. 1880ರ ದಶಕದಲ್ಲಿ ಜಾನ್ ರೀಸ್‌ನ ಕಾಜಾ ಯಂತ್ರ ಬಂದ ಮೇಲೆ ಕಾರ್ಖಾನೆಗಳಲ್ಲಿ ಕೈಕಾಜಾ ಹಿಂದೆ ಬಿತ್ತು. ಅಂಗಿಯ ಕಾಜಾ ಹಾಕುವ ಈಗಿನ ಯಂತ್ರ ಮೊದಲು ಹೊಲಿದು, ಕೊನೆಗೆ ಚೂರಿಯಿಂದ ಸೀಳುತ್ತದೆ. ಕೈಯಲ್ಲಿ ಹಾಕುವವರು ಮೊದಲು ಸೀಳಿ ಆಮೇಲೆ ಹೊಲಿಯುತ್ತಾರೆ. ಆದ್ದರಿಂದಲೇ ಯಂತ್ರದ ಕಾಜಾದ ಒಳಗೆ ಎಳೆಯ ಜುಂಗು ಕಾಣುತ್ತದೆ, ಕೈಕಾಜಾದಲ್ಲಿ ಗಂಟುಗಳು ಅದನ್ನು ಮುಚ್ಚಿಬಿಡುತ್ತವೆ. ಲಂಡನ್ನಿನ ಸವಿಲ್ ರೋ ಬೀದಿಯ ದುಬಾರಿ ಕೋಟಿಗೆ ಇವತ್ತಿಗೂ ಕಾಜಾ ಹಾಕುವುದು ಕೈಯಲ್ಲೇ. ಶ್ರೀಮಂತರ ಕೋಟಿಗೆ ಅದು ಗೌರವ. ನಮ್ಮಂಥವರ ಅಂಗಿಗೆ ಅದು ಬೇರೆ ಗತಿಯಿಲ್ಲದ ಕೆಲಸವಾಗಿತ್ತು.

ಮಹಾತ್ಮ ಗಾಂಧಿ ಯಂತ್ರಗಳ ವಿರೋಧಿ ಎಂದು ನಾವು ಪರೀಕ್ಷೆಯಲ್ಲಿ ಬರೆದಿದ್ದೇವೆ. ಆದರೆ 1924ರಲ್ಲಿ ರಾಮಚಂದ್ರನ್ ಎಂಬ ವಿದ್ಯಾರ್ಥಿ ಯಂತ್ರಗಳ ಬಗ್ಗೆ ಕೇಳಿದಾಗ, ಸಿಂಗರ್ ಹೊಲಿಗೆ ಯಂತ್ರಕ್ಕೆ ಅವರು ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿಯುತ್ತ ಪಡುತ್ತಿದ್ದ ಕಷ್ಟವನ್ನು ನೋಡಲಾರದೆ ಮಾಡಿದ ಯಂತ್ರ ಅದು, ಅದರ ಹಿಂದೆ ಪ್ರೀತಿ ಇದೆ ಎಂಬುದು ಅವರ ಮಾತಿನ ತಾತ್ಪರ್ಯ. ಯಂತ್ರ ಯಾರ ಕಷ್ಟ ತಗ್ಗಿಸಲು ಬಂತು, ಬಂದ ಮೇಲೆ ಆ ಕಷ್ಟ ಪಡುತ್ತಿದ್ದವರಿಗೆ ಏನಾಯಿತು ಎಂಬುದೇ ಅವರು ನೋಡಿದ ಅಳತೆ.

ಮನೆಯೊಳಗಿನ ಕೂಲಿ

ಕಾಜಾ ಕೆಲಸ ಬಹುಮಟ್ಟಿಗೆ ಹೆಂಗಸರ ಕೆಲಸ, ಅದೂ ಮನೆಯಲ್ಲಿ ಕೂತು ಮಾಡುವ ಕೆಲಸ. 1843ರ ಡಿಸೆಂಬರಿನಲ್ಲಿ ಥಾಮಸ್ ಹುಡ್ ಎಂಬ ಕವಿ ಅಂಗಿ ಹೊಲಿಯುವ ಬಡ ಹೆಂಗಸಿನ ಬಗ್ಗೆ ಬರೆದ ಪದ್ಯ ಲಂಡನ್ನಿನ 'ಪಂಚ್' ಪತ್ರಿಕೆಯಲ್ಲಿ ಬಂದು ಇಂಗ್ಲೆಂಡನ್ನು ಕಲಕಿತು. 1849ರಲ್ಲಿ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಅಂಥ ಹೆಂಗಸರ ಮನೆಗಳಿಗೇ ಹೋಗಿ, ಅವರ ದುಡಿಮೆಯ ಲೆಕ್ಕ ಕೇಳಿ, 'ಮಾರ್ನಿಂಗ್ ಕ್ರಾನಿಕಲ್' ಪತ್ರಿಕೆಗೆ ಬರೆದ. ನೂಲು ಅವರದ್ದೇ, ರಾತ್ರಿ ಉರಿಸುವ ಮೇಣದಬತ್ತಿಯೂ ಅವರದ್ದೇ. ಅದನ್ನೆಲ್ಲ ಕಳೆದು ಉಳಿದದ್ದು ಕೂಲಿ. ಅದನ್ನು ಓದುವಾಗ ನನಗೆ ನಮ್ಮ ಮನೆಯ ಸೀಮೆಎಣ್ಣೆ ಬುಡ್ಡಿ ನೆನಪಾಯಿತು. ಕರೆಂಟು ಹೋದಾಗ ಉರಿಸುತ್ತಿದ್ದ ಎಣ್ಣೆಯನ್ನು ಟೈಲರಣ್ಣನ ಲೆಕ್ಕಕ್ಕೆ ಯಾರೂ ಹಾಕಿರಲಿಲ್ಲ.

ಇಂಥವರಿಗೆ ಕೂಲಿಯ ಕನಿಷ್ಠ ಮಿತಿ ಇರಬೇಕೆಂದು ಇಂಗ್ಲೆಂಡಿನಲ್ಲಿ ಕಾನೂನು ಬಂದದ್ದು 1909ರಲ್ಲಿ. ಸಿದ್ಧ ಉಡುಪಿನ ಹೊಲಿಗೆಯೂ ಅದರ ವ್ಯಾಪ್ತಿಗೆ ಸೇರಿತ್ತು. ನಮ್ಮ ದೇಶದಲ್ಲಿ ಮನೆಗೆಲಸದ ತುಂಡುಕೂಲಿಯ ಹೆಂಗಸರನ್ನೂ ಬೀದಿ ವ್ಯಾಪಾರದ ಹೆಂಗಸರನ್ನೂ ಒಂದುಗೂಡಿಸಿ ಇಳಾ ಭಟ್ ಅವರು 1972ರಲ್ಲಿ ಅಹಮದಾಬಾದಿನಲ್ಲಿ 'ಸೇವಾ' ಸಂಘಟನೆ ಕಟ್ಟಿದರು. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಯಲ್ಲಿ ಕೂತು ದುಡಿಯುವವರಿಗಾಗಿಯೇ ಒಂದು ಒಪ್ಪಂದ ಮಾಡಿತು. ಅವರೂ ಕಾರ್ಮಿಕರೇ, ಉಳಿದ ಕೂಲಿಕಾರರಿಗೆ ಸಿಗುವ ಹಕ್ಕು ಅವರಿಗೂ ಸಿಗಬೇಕು ಎಂಬುದು ಅದರ ಸಾರ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಆ ಒಪ್ಪಂದವಾದ ವರ್ಷ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಅವ್ವ ಅದಾಗಲೇ ಕಾಜಾ ಹಾಕುತ್ತಿದ್ದಳು.

ನಮ್ಮೂರಿಗೆ ಮಿಷನ್ ಬಂತು

ಅವ್ವನಿಗೆ ಒಂದು ಅಂಗಿಗೆ ಸಿಗುತ್ತಿದ್ದದ್ದು ಮೂರು ರೂಪಾಯಿ. ಏಳು ಕಾಜಾ ಹಾಕಿ ಏಳು ಗುಂಡಿ ಹಚ್ಚಬೇಕು. ಒಂದು ಕಾಜಾಕ್ಕೆ 42 ಗಂಟಿನಂತೆ ಏಳಕ್ಕೆ 294 ಗಂಟು. ಮೂರು ರೂಪಾಯಿ ಎಂದರೆ 300 ಪೈಸೆ. ಒಂದು ಗಂಟಿಗೆ ಒಂದು ಪೈಸೆ, ಗುಂಡಿ ಹಚ್ಚುವುದು ಪುಕ್ಕಟೆ. ಈ ಲೆಕ್ಕ ಹಾಕಲು ನನಗೆ ಇಂಜಿನಿಯರಿಂಗ್ ಬೇಕಿರಲಿಲ್ಲ, ನಮ್ಮ ಶಾಲೆಯ ಎಂಟನೇ ತರಗತಿಯ ಗಣಿತವೇ ಸಾಕಿತ್ತು. ಆದರೆ ಹಾಕಿದ್ದು ಮೂವತ್ತು ದಾಟಿದ ಮೇಲೆ.

ಮೇ ಕೊನೆಯಿಂದ ಜುಲೈವರೆಗೆ ಸಮವಸ್ತ್ರದ ಸುಗ್ಗಿ. ಸಂಜೆ ಶಾಲೆ ಬಿಟ್ಟ ಮೇಲೆ ಟೈಲರಣ್ಣನ ಅಂಗಡಿಯಿಂದ ಅಂಗಿಗಳ ಗಂಟನ್ನು ತರುವುದು, ಬೆಳಿಗ್ಗೆ ಕೊಟ್ಟು ಬರುವುದು ನನ್ನ ಕೆಲಸ. ಸ್ನೇಹಿತರ ಕಣ್ಣಿಗೆ ಬೀಳಬಾರದೆಂದು ಕೆರೆ ಏರಿಯ ಮೇಲಿಂದ ಸುತ್ತಿಕೊಂಡು ಹೋಗುತ್ತಿದ್ದೆ. ಗಂಡು ಮಕ್ಕಳ ಅಂಗಿಗೆ ಕಾಜಾ ಎಡಕ್ಕೆ, ಹೆಣ್ಣು ಮಕ್ಕಳದ್ದಕ್ಕೆ ಬಲಕ್ಕೆ. ಅವ್ವ ಓದಿದವಳಲ್ಲ, ಆದರೆ ಒಂದು ಸಲವೂ ತಪ್ಪು ಕಡೆ ಸೀಳಿದ್ದನ್ನು ನಾನು ಕಾಣೆ. ಸೀಳಿದರೆ ಆ ಅಂಗಿಯ ಬೆಲೆ ಅವಳ ತಲೆಗೇ ಬರುತ್ತಿತ್ತು.

ನಾನು ಹತ್ತನೇ ತರಗತಿಗೆ ಬಂದ ವರ್ಷ ತಾಲ್ಲೂಕು ಕೇಂದ್ರದಲ್ಲಿ ಒಬ್ಬರು ಕಾಜಾ ಮಿಷನ್ ಇಟ್ಟರು. ಸುತ್ತಮುತ್ತಲಿನ ಟೈಲರುಗಳು ಬಟ್ಟೆಯ ಮೂಟೆಯನ್ನು ಬೆಳಗಿನ ಬಸ್ಸಿಗೆ ಹಾಕಿದರೆ ಸಂಜೆಯ ಬಸ್ಸಿಗೆ ಕಾಜಾ ಆಗಿ ಬರುತ್ತಿತ್ತು. ಅವ್ವ ಐದು ನಿಮಿಷದಲ್ಲಿ ಹಾಕುತ್ತಿದ್ದ ಕಾಜಾವನ್ನು ಮಿಷನ್ ಕೆಲವೇ ಸೆಕೆಂಡಿನಲ್ಲಿ ಹಾಕುತ್ತಿತ್ತು, ಅರ್ಧ ದುಡ್ಡಿಗೆ. ಟೈಲರಣ್ಣ ಒಳ್ಳೆಯ ಮನುಷ್ಯ. ಸುದ್ದಿಯನ್ನು ನನ್ನ ಕೈಲಿ ಹೇಳಿ ಕಳಿಸದೆ ತಾನೇ ಮನೆಗೆ ಬಂದ. ಜಗುಲಿಯ ಮೇಲೆ ಕೂತು, ಕಾಫಿ ಕುಡಿದು, ಬಹಳ ಹೊತ್ತು ಮಳೆ ಬೆಳೆ ಮಾತಾಡಿ, ಎದ್ದು ಹೋಗುವಾಗ, "ಅಕ್ಕ, ಇನ್ನು ಮೇಲೆ..." ಎಂದು ನಿಲ್ಲಿಸಿದ. ಅವ್ವ, "ಗೊತ್ತಾಯ್ತು ಬಿಡಪ್ಪ" ಅಂದಳು. ಆ ತಿಂಗಳ ಬಾಕಿ ದುಡ್ಡು ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಶುಲ್ಕಕ್ಕೆ ಹೋಯಿತು. ಆಮೇಲೆ ಅವ್ವ ಹುಣಸೆಹಣ್ಣು ಬಿಡಿಸುವ ಕೂಲಿಗೆ ಹೋದಳು. ಅದಕ್ಕೂ ತುಂಡಿನ ಲೆಕ್ಕವೇ, ಕೆ.ಜಿ.ಗೆ ಇಷ್ಟೆಂದು.

ಆ ಮಿಷನ್ ಮೇಲೆ ನನಗೆ ಸಿಟ್ಟಿಲ್ಲ. ಅವ್ವನ ಕಣ್ಣು ಅದಾಗಲೇ ಮಂಜಾಗುತ್ತಿತ್ತು, ಇನ್ನು ಹತ್ತು ವರ್ಷ ಬುಡ್ಡಿ ಬೆಳಕಲ್ಲಿ ಗಂಟು ಹಾಕಿದ್ದರೆ ಏನಾಗುತ್ತಿತ್ತೋ. ನಾನೂ ಮನುಷ್ಯರ ಕೈಕೆಲಸವನ್ನು ಬೇಗ ಮುಗಿಸಿಕೊಡುವ ಪ್ರೋಗ್ರಾಂ ಬರೆದೇ ಅನ್ನ ತಿನ್ನುತ್ತಿದ್ದೇನೆ. ಆದರೆ ಒಂದು ಕೆಲಸವನ್ನು ಯಂತ್ರಕ್ಕೆ ವಹಿಸುವ ಮುಂಚೆ, ಇವತ್ತು ಅದನ್ನು ಮಾಡುತ್ತಿರುವವರು ಯಾರು ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಆ ಜಗುಲಿಯಿಂದ. ಎಷ್ಟೋ ಸಲ ಮೀಟಿಂಗಿನಲ್ಲಿ ಆ ಪ್ರಶ್ನೆಗೆ ಉತ್ತರ ಯಾರಿಗೂ ಗೊತ್ತಿರುವುದಿಲ್ಲ.

ಈಗ ಕಾಜಾ ಹಾಕುವ ಕೆಲಸ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿದೆ. ಅಲ್ಲೂ ಬಹುಪಾಲು ಹೆಂಗಸರೇ. 2016ರ ಏಪ್ರಿಲಿನಲ್ಲಿ ಭವಿಷ್ಯ ನಿಧಿಯ ಹಣ ತೆಗೆಯುವ ನಿಯಮ ಬದಲಾಯಿಸಿದ್ದಕ್ಕೆ ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಹೊಸೂರು ರಸ್ತೆಯಲ್ಲಿ ನಮ್ಮ ಕಂಪನಿಯ ಬಸ್ಸು ಗಂಟೆಗಟ್ಟಲೆ ನಿಂತಿತ್ತು. ಬಸ್ಸಿನಲ್ಲಿದ್ದವರೊಬ್ಬರು, "ಯಾರು ಇವರೆಲ್ಲ?" ಎಂದು ಕೇಳಿದರು. ಕೇಳಿದವರ ಅಂಗಿಯಲ್ಲಿ ಏಳು ಕಾಜಾ ಇತ್ತು.

ಬಾಕಿ ಉತ್ತರ

ನಮ್ಮ ಶಾಲೆಯಲ್ಲಿ ಆಗ ಹೊಲಿಗೆಯ ಪಿರಿಯಡ್ ಇತ್ತು. ಕಸುಬಿನ ಮೂಲಕ ವಿದ್ಯೆ ಎಂಬ ಗಾಂಧೀಜಿಯವರ 1937ರ ವಾರ್ಧಾ ಯೋಜನೆಯ ನೆನಪು ಅದರಲ್ಲಿ ಉಳಿದಿತ್ತು. ಹೆಣ್ಣು ಮಕ್ಕಳು ಓಟದ ಹೊಲಿಗೆ, ಹೆಮ್ಮಿಂಗ್, ಕಾಜಾ, ಹುಕ್ ಎಂದು ಬಟ್ಟೆಯ ಚೂರುಗಳ ಮೇಲೆ ಹೊಲಿದು ರೆಕಾರ್ಡ್ ಪುಸ್ತಕಕ್ಕೆ ಅಂಟಿಸುತ್ತಿದ್ದರು. ಹುಡುಗರನ್ನು ತೋಟಕ್ಕೆ ಕಳಿಸುತ್ತಿದ್ದರು. ಹೊಲಿಗೆಯ ಟೀಚರು ಒಮ್ಮೆ ಚೆನ್ನಾಗಿ ಬಂದ ಕಾಜಾವೊಂದನ್ನು ಎತ್ತಿ ಹಿಡಿದು, ಹೀಗಿರಬೇಕು ನೋಡಿ ಎಂದು ತೋರಿಸುತ್ತಿದ್ದದ್ದನ್ನು ಕಿಟಕಿಯಿಂದ ನೋಡಿದ್ದೆ. ನಮ್ಮ ಮನೆಯಲ್ಲಿ ಅಂಥವು ದಿನಕ್ಕೆ ಮೂವತ್ತು ಆಗುತ್ತಿದ್ದವು. ಅದನ್ನೂ ನಾನು ಯಾರಿಗೂ ಹೇಳಲಿಲ್ಲ.

ಮೇಷ್ಟ್ರು ಪ್ರಶ್ನೆ ಕೇಳಿದ ದಿನ ನಾನು ಸುಮ್ಮನಿದ್ದದ್ದಕ್ಕೆ ಕಾರಣ ನಾಚಿಕೆ. ಪಕ್ಕದ ಬೆಂಚಿನವನ ಅಂಗಿಗೆ ನಮ್ಮ ಅವ್ವ ಗುಂಡಿ ಹಚ್ಚುತ್ತಾಳೆ ಎಂದು ಗೊತ್ತಾದರೆ ಅವನು ನನ್ನನ್ನು ಹೇಗೆ ನೋಡಿಯಾನು ಎಂಬ ಹೆದರಿಕೆ. ಹದಿನಾಲ್ಕು ವರ್ಷದ ಹುಡುಗನಿಗೆ ಅಷ್ಟೇ ತಿಳಿಯುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಇಂಜಿನಿಯರಿಂಗ್ ಕಾಲೇಜಿನ ಅರ್ಜಿಯಲ್ಲೂ ತಾಯಿಯ ಉದ್ಯೋಗದ ಎದುರು 'ಗೃಹಿಣಿ' ಎಂದೇ ಬರೆದೆ. ಆಗ ನನಗೆ ಹದಿನಾಲ್ಕಾಗಿರಲಿಲ್ಲ.

ಈ ಸಂಚಿಕೆಯಲ್ಲಿ ಕಟ್ಟಡಕ್ಕೆ ಜಾಗ ಕೊಟ್ಟವರ, ಕೊಠಡಿ ಕಟ್ಟಿಸಿದವರ, ಬಹುಮಾನ ನಿಧಿ ಇಟ್ಟವರ ಹೆಸರುಗಳು ಇರುತ್ತವೆ, ಇರಲೇಬೇಕು. ಐವತ್ತು ವರ್ಷ ಈ ಶಾಲೆ ನಡೆದದ್ದರಲ್ಲಿ ಇನ್ನೂ ಅನೇಕರ ಕೈ ಇದೆ. ಅವರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಈಗ ಓದುತ್ತಿರುವ ಮಕ್ಕಳಿಗೆ ನನ್ನದೊಂದು ಕೋರಿಕೆ. ಇವತ್ತು ಮನೆಗೆ ಹೋಗಿ, ನಿಮ್ಮ ಅವ್ವ, ಅಜ್ಜಿ, ಅತ್ತೆಯಂದಿರು ಯಾವ ಯಾವ ಕೆಲಸ ಮಾಡಿದ್ದಾರೆ, ಎಷ್ಟು ಕೂಲಿಗೆ ಮಾಡಿದ್ದಾರೆ, ಆ ಕೆಲಸ ಯಾವಾಗ ನಿಂತಿತು ಎಂದು ಕೇಳಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಅದೂ ಚರಿತ್ರೆಯೇ. ಶಾಲೆಯ ನೂರನೇ ವರ್ಷದ ಸಂಚಿಕೆಗೆ ಬೇಕಾಗುತ್ತದೆ.

ನಮ್ಮ ಮೇಷ್ಟ್ರು ನಿವೃತ್ತರಾಗಿ ಈಗ ಊರಲ್ಲೇ ಇದ್ದಾರೆ, ಈ ಸಂಚಿಕೆಯನ್ನು ಮೊದಲ ಪುಟದಿಂದ ಓದುತ್ತಾರೆಂದು ಗೊತ್ತು. ಅವರಿಗೆ ನನ್ನ ನಮಸ್ಕಾರ. ಸಾರ್, ಅವತ್ತು ನೀವು ಕೇಳಿದ್ದಕ್ಕೆ ತರಗತಿ ಹೇಳಿದ ಉತ್ತರ ತಪ್ಪು. ಆ ಕಾಜಾ ಹಾಕಿದ್ದು ನಮ್ಮ ಅವ್ವ.

(ಲೇಖಕರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್)